ಮತ್ಸ್ಯವಿನೋದ

ನೀರಿರುವಲ್ಲಿ ಮೀನಿರುವುದು, ಮೀನಿರುವಲ್ಲಿ ಗಾಳ ಹಿಡಿದವನೊಬ್ಬನು ದಡದಲ್ಲಿ ಕುಳಿತಿರುವುದೂ ಲೋಕದ ರೂಢಿಯೇ. ಹಾಸನದ ಸೀಮೆಗೆ ಈ ಎರಡರ ಕೊರತೆಯೂ ಇಲ್ಲ. ಮೂಡಿಗೆರೆಯ ಕಡೆಯ ಬೆಟ್ಟಗಳಲ್ಲಿ ಹುಟ್ಟಿದ ಹೇಮಾವತಿಯು ಗೊರೂರಿನ ಅಣೆಕಟ್ಟಿನಲ್ಲಿ ತಂಗಿ, ಅಲ್ಲಿಂದ ಹೊಳೆನರಸೀಪುರದ ಮಗ್ಗುಲಿಗೆ ಇಳಿದು ಬರುವಳು. ಕೊಡಗಿನಿಂದ ಬರುವ ಕಾವೇರಿಯು ಅರಕಲಗೂಡು ತಾಲ್ಲೂಕನ್ನು ಹೊಕ್ಕು ರಾಮನಾಥಪುರದ ಸೋಪಾನಗಳನ್ನು ತೊಳೆಯುವಳು. ಚನ್ನರಾಯಪಟ್ಟಣದ ಕಡೆ ದೊಡ್ಡ ಹೊಳೆಯಿಲ್ಲದಿದ್ದರೂ ಕೆರೆಗಳುಂಟು. ಹೇಮಾವತಿಯ ನಾಲೆಯ ನೀರೂ ಆ ತಾಲ್ಲೂಕಿಗೆ ಹರಿಯುವುದು.

ಇಂತಹ ನೀರುಗಳ ನಡುವೆ ಬಾಳುವ ಗೃಹಸ್ಥರಲ್ಲಿ ಮೀನನ್ನು ಉಣ್ಣುವವರುಂಟು, ಮುಟ್ಟದವರುಂಟು. ಉಣ್ಣುವ ಆಸೆಗಿಂತ, ಬಿಡುವಿನ ದಿನದ ಬೆಳಗನ್ನು ನೀರಿನ ಬಳಿ ಕಳೆಯುವ ಆಸೆಯಿಂದ ಗಾಳ ಹಿಡಿಯುವವರೂ ಉಂಟು. ಇವರಲ್ಲಿ ಕೆಲವರು ಹಿಡಿದ ಮೀನನ್ನು ಚೀಲಕ್ಕೆ ಹಾಕದೆ ಮರಳಿ ನೀರಿಗೆ ಬಿಡುವರು. ಇದನ್ನು ಕಂಡ ಹಿರಿಯರು, “ಬಿಡುವುದಾದರೆ ಹಿಡಿದುದೇಕೆ?” ಎಂದು ನಗುವುದು ಸಹಜ. ಆದರೆ ಆ ಪ್ರಶ್ನೆ ನಕ್ಕು ಬಿಡತಕ್ಕದ್ದಲ್ಲ. ಹಿಡಿಯುವುದು ಒಂದು ವಿದ್ಯೆ, ಕೆಡಿಸದೆ ಬಿಡುವುದು ಇನ್ನೊಂದು ವಿದ್ಯೆ. ಯಾವುದನ್ನು ಬಿಡಬೇಕು, ಯಾವುದನ್ನು ಮನೆಗೆ ತರಬಹುದು ಎಂಬುದು ಮೂರನೆಯ ವಿವೇಕ. ಈ ಮೂರರಲ್ಲಿ ಕೊನೆಯದೇ ಹಿರಿದೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹಳೆಯ ವಿನೋದ, ಹಳೆಯ ವ್ರತ

ವಿನೋದಕ್ಕಾಗಿ ಗಾಳ ಹಾಕುವುದನ್ನು ಆಂಗ್ಲರು ನಮಗೆ ಕಲಿಸಿದರೆಂದು ಹಲವರು ತಿಳಿದಿರುವರು. ಇದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ, ಅರಸರಿಗೆ ತಕ್ಕ ವಿನೋದಗಳ ನಡುವೆ ‘ಮತ್ಸ್ಯವಿನೋದ’ಕ್ಕೂ ಒಂದು ಪ್ರಕರಣವುಂಟು. ಮೀನುಗಳ ಜಾತಿಭೇದ, ಒಂದೊಂದಕ್ಕೆ ಒಗ್ಗುವ ಆಹಾರ, ಗಾಳ, ದಾರ, ಕೋಲು ಇವೆಲ್ಲವೂ ಅಲ್ಲಿ ಹೇಳಲ್ಪಟ್ಟಿವೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಪರಿಶೀಲಿಸಿ ವಿದ್ವತ್ಪ್ರಪಂಚಕ್ಕೆ ಪರಿಚಯ ಮಾಡಿಕೊಟ್ಟರು.

ಹಿಡಿಯುವ ವಿದ್ಯೆಯಂತೆಯೇ ಹಿಡಿಯದಿರುವ ವ್ರತವೂ ನಮ್ಮಲ್ಲಿ ಪುರಾತನವಾದುದು. ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಕೆಲವು ಪರ್ವದಿನಗಳಲ್ಲಿ ಮೀನನ್ನು ಕೊಲ್ಲಕೂಡದು, ಮಾರಕೂಡದು ಎಂದು ವಿಧಿಸಿದನು. ಅಷ್ಟು ದೂರ ಹೋಗುವುದೂ ಬೇಡ. ರಾಮನಾಥಪುರದಲ್ಲಿ ವಹ್ನಿಪುಷ್ಕರಿಣಿಯೆಂದು ಹೆಸರಾದ ಕಾವೇರಿಯ ಮಡುವಿನಲ್ಲಿ ದೊಡ್ಡ ಮೀನುಗಳು ನಿರ್ಭಯವಾಗಿ ಮೆಟ್ಟಿಲಿನ ಬಳಿಗೆ ಬರುವುದನ್ನು ಯಾತ್ರಿಕರು ಕಂಡೇ ಇರುವರು. ಅವು ದೇವರ ಮೀನುಗಳು. ಅವಕ್ಕೆ ಪುರಿ ಎರಚಬಹುದೇ ಹೊರತು ಗಾಳವನ್ನಾಗಲಿ ಬಲೆಯನ್ನಾಗಲಿ ಹಾಕುವಂತಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೂ ಇದೇ ರಕ್ಷೆ. ವರ್ಷದ ಯಾವ ಕಾಲದಲ್ಲಿಯೂ ಮೀನು ನೆಮ್ಮದಿಯಾಗಿರಬಹುದಾದ ಒಂದು ಮಡುವು ಹೊಳೆಯಲ್ಲಿದ್ದರೆ ಅಲ್ಲಿ ಬೆಳೆದ ಮೀನುಗಳ ಸಂತಾನವು ಉಳಿದ ನೀರಿಗೂ ಹರಡುವುದಕ್ಕೆ ದಾರಿಯಾಗುವುದು. ಭಕ್ತಿಯಿಂದ ನಡೆದು ಬಂದ ಈ ಪದ್ಧತಿಯಲ್ಲಿ ಲೋಕೋಪಯೋಗವೂ ಅಡಗಿರುವುದು ಸೋಜಿಗವಲ್ಲವೆ?

ಬಿಳಿಮೀನಿನ ಕಥೆ

ಇಂತಹ ಮಡುಗಳಲ್ಲಿ ಕಾಣಬರುವ ಮೀನುಗಳಲ್ಲಿ ಬಿಳಿಮೀನು, ಎಂದರೆ ಮಹಸೀರ್, ಮುಖ್ಯವಾದುದು. ಗಾಳ ಹಿಡಿಯುವವರಲ್ಲಿ ಇದಕ್ಕೆ ಅರಸನ ಸ್ಥಾನ. ಇದರ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿ ಹಲ್ಲುಂಟು. ಏಡಿ, ಬಸವನಹುಳು, ಸಣ್ಣ ಮೀನು, ದಡದ ಅತ್ತಿಯ ಮರದಿಂದ ಬಿದ್ದ ಹಣ್ಣು ಎಲ್ಲವನ್ನೂ ಇದು ನುಂಗಿ ಗಂಟಲಿನಲ್ಲಿ ಅರೆಯುವುದು. ಬಂಡೆಗಳ ನಡುವೆ ನೀರು ರಭಸದಿಂದ ಹರಿದು ಆಳದ ಮಡುವಿಗೆ ಬೀಳುವ ಸಂಧಿಯಲ್ಲಿ, ಬಂಡೆಯ ಮರೆಯಲ್ಲಿ ನಿಂತು, ಸೆಳವು ತರುವ ಆಹಾರವನ್ನು ಕಾಯುವುದು ಇದರ ಸ್ವಭಾವ. ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿ 1873ರಲ್ಲಿ ಭಾರತದ ಗಾಳದ ವಿನೋದವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಈ ಮೀನಿಗೇ ಹೆಚ್ಚಿನ ಗೌರವ ಸಂದಿದೆ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ ಮಹಸೀರು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಗಾಳಕ್ಕೆ ಸಿಕ್ಕ ಮಹಸೀರುಗಳಲ್ಲಿ ಇದೇ ದಾಖಲೆಯೆಂದು ಇಂದಿಗೂ ಹೇಳುವರು.

ಅಂತಹ ಮೀನುಗಳು ಈಗ ಎಲ್ಲಿ ಹೋದುವು? ಕಾರಣಗಳು ಹಲವು. ಕೃಷ್ಣರಾಜಸಾಗರ 1931ರಲ್ಲಿ ಮುಗಿಯಿತು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಇವುಗಳಿಂದ ನಮಗೆ ಅನ್ನ ದೊರೆಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಹಸೀರು ಮಳೆಗಾಲದ ಪ್ರವಾಹದಲ್ಲಿ ಮೇಲೇರಿ ಹೋಗಿ, ತಿಳಿನೀರು ಹರಿಯುವ ನೊರಜುಕಲ್ಲುಗಳ ಮೇಲೆ ಮೊಟ್ಟೆಯಿಡುವ ಮೀನು. ಕಟ್ಟೆ ಅಡ್ಡವಾದರೆ ಅದಕ್ಕೆ ತವರಿನ ದಾರಿಯೇ ಮುಚ್ಚಿದಂತೆ. ಹೊಳೆಯ ಮರಳನ್ನು ತೋಡಿದ್ದು, ಊರಿನ ಕೊಳೆ ನೀರಿಗೆ ಸೇರಿದ್ದು, ಸಿಡಿಮದ್ದು ಹಾಕಿ ಮಡುವಿನ ಮೀನನ್ನೆಲ್ಲ ಒಮ್ಮೆಗೇ ಕೊಲ್ಲುವ ದುರಭ್ಯಾಸ, ಇವೂ ಸೇರಿಕೊಂಡವು. ನೀರಿಗೆ ಸಿಡಿಮದ್ದನ್ನೂ ವಿಷವನ್ನೂ ಹಾಕುವುದು 1897ರ ಮೀನುಗಾರಿಕೆಯ ಕಾಯಿದೆಯಿಂದಲೇ ಅಪರಾಧವೆಂದು ತೀರ್ಮಾನವಾಗಿರುವುದು. ಆದರೂ ಅದು ನಿಂತಿಲ್ಲ. ಸಿಡಿಮದ್ದು ದೊಡ್ಡದು ಚಿಕ್ಕದೆಂದು ನೋಡುವುದಿಲ್ಲ. ಮರಿಯನ್ನೂ ಮೊಟ್ಟೆಯನ್ನೂ ಕೂಡಿಯೇ ನಾಶಮಾಡುವುದು.

ಇನ್ನೊಂದು ಕಾರಣವಂತೂ ಸದುದ್ದೇಶದಿಂದಲೇ ಬಂದುದು. ಕಾವೇರಿಯಲ್ಲಿ ಮಹಸೀರು ಕಡಿಮೆಯಾಗುತ್ತಿರುವುದನ್ನು ಕಂಡು ಮರುಗಿದವರು, ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರಿನ ಮರಿಗಳನ್ನು ತಂದು ಹೊಳೆಗೆ ಬಿಟ್ಟರು. ಅದು ಬೇರೆ ಜಾತಿ. ಕಾವೇರಿಯ ಸ್ವಂತ ಮಹಸೀರು ಬೆನ್ನಿನಲ್ಲಿ ಗೂನುಳ್ಳದು, ಕಿತ್ತಳೆಯ ಬಣ್ಣದ ರೆಕ್ಕೆಯುಳ್ಳದು. ಕಾವೇರಿ ವನ್ಯಧಾಮದ ಗಾಲಿಬೋರೆಯಲ್ಲಿ ಹಿಂದೆ ಗಾಳದ ಶಿಬಿರವೊಂದು ನಡೆಯುತ್ತಿತ್ತು. ಅಲ್ಲಿ ಹಿಡಿದ ಮೀನನ್ನು ಬಿಡಲೇಬೇಕೆಂಬ ನಿಯಮವಿತ್ತು. ಹಿಡಿದುದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಮುಂದೆ ಪರಿಶೀಲಿಸಿದಾಗ, ನೀಲಿ ರೆಕ್ಕೆಯ ಮೀನು ವರ್ಷೇ ವರ್ಷೇ ಹೆಚ್ಚಿದುದೂ, ಗೂನುಬೆನ್ನಿನ ಮೀನು ಕುಸಿದು ಹೋದುದೂ ಕಂಡುಬಂದಿತು. ಅದುವರೆಗೆ ಈ ಗೂನುಬೆನ್ನಿನ ಮೀನಿಗೆ ಶಾಸ್ತ್ರದಲ್ಲಿ ಖಚಿತವಾದ ಹೆಸರೇ ಇರಲಿಲ್ಲ. 2018ರಲ್ಲಿ ಇದು ‘ಟಾರ್ ರೇಮಾದೇವಿ’ ಎಂಬ ಜಾತಿಯೆಂದು ತೀರ್ಮಾನವಾಯಿತು. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣವೂ ಮರಣಭಯವೂ ಒಟ್ಟಿಗೆ ಬಂದ ಮೀನು ಇದು. ಗಾಳದವರು ಬರೆದಿಟ್ಟ ಪುಸ್ತಕವಿಲ್ಲದಿದ್ದರೆ ಈ ಸಂಗತಿ ಹೀಗೆ ಸ್ಪಷ್ಟವಾಗಿ ಹೊರಬೀಳುತ್ತಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ಕೆರೆಯ ಕೊರವ, ಅಮೆರಿಕದ ಬಾಸ್

ಹೊಳೆಗೆ ಬಿಳಿಮೀನು ಹೇಗೋ ಕೆರೆಗೆ ಕೊರವ ಹಾಗೆ. ಕೊರಮೀನೆಂದೂ ಇದನ್ನು ಕರೆಯುವರು. ಹಾವಿನ ತಲೆಯಂತಹ ತಲೆ, ಉದ್ದವಾದ ಮೈ, ಬಾಯಿ ತುಂಬ ಹಲ್ಲು. ಜೊಂಡು ಬೆಳೆದ, ತಾವರೆಯ ಎಲೆ ಹಾಸಿದ ನೀರಿನಲ್ಲಿ ಅಡಗಿದ್ದು, ಕಪ್ಪೆಯನ್ನೂ ಸಣ್ಣ ಮೀನನ್ನೂ ಹಾರಿ ಹಿಡಿಯುವುದು. ಇದು ಕಿವಿರಿನಿಂದ ಮಾತ್ರವಲ್ಲದೆ ಮೇಲೆ ಬಂದು ಗಾಳಿಯನ್ನೂ ಸೇವಿಸುವುದರಿಂದ, ಬೇಸಿಗೆಯಲ್ಲಿ ಕೆರೆ ಇಂಗಿ ಕೆಸರಾದರೂ ಕೆಲಕಾಲ ಜೀವ ಹಿಡಿದಿರಬಲ್ಲುದು.

ಇದರ ಸ್ವಭಾವದಲ್ಲಿ ಮನಸ್ಸನ್ನು ಕರಗಿಸುವ ವಿಷಯವೊಂದುಂಟು. ಹೆಚ್ಚಾಗಿ ಮಳೆಗಾಲದಲ್ಲಿ ಮೊಟ್ಟೆಯಿಟ್ಟು, ಮರಿಯಾದ ಮೇಲೆ ತಂದೆ ತಾಯಿಗಳು ಮರಿಗಳ ಹಿಂಡಿನ ಕೆಳಗೇ ಇದ್ದು ಕಾವಲು ಕಾಯುವುವು. ಕೆಂಬಣ್ಣದ ಎಳೆಮರಿಗಳು ನೂರಾರು ಒಂದಾಗಿ ನೀರಿನ ಮೇಲೆ ಗುಳುಗುಳಿಸುವುದನ್ನು ಕೆರೆಯ ದಡದಲ್ಲಿ ನೋಡಬಹುದು. ಆಗ ಆ ಗುಂಪಿನ ಮೇಲೆ ಕಪ್ಪೆಯಂತಹ ಏನನ್ನು ಎಳೆದರೂ ದೊಡ್ಡ ಮೀನು ಎರಗದೆ ಬಿಡದು. ಅದು ಹಸಿವಿನಿಂದಲ್ಲ, ಮರಿಗಳ ಮೇಲಿನ ಮಮತೆಯಿಂದ. ಈ ಗುಟ್ಟನ್ನು ಬಲ್ಲವರು ಅದೇ ಕಾಲವನ್ನು ಕಾದು ಸುಲಭವಾಗಿ ಹಿಡಿಯುವರು. ಒಂದು ಮೀನು ಹೋಯಿತೆಂದರೆ ಅದರ ಹಿಂದೆ ಹಿಂಡಿನ ಮರಿಗಳೂ ಇತರ ಮೀನು, ಹಕ್ಕಿಗಳ ಪಾಲಾಗುವುವು. ಮರಿಗಳಿರುವ ಕೊರವನಿಗೆ ಗಾಳ ಹಾಕದಿರುವುದು ಕೆರೆಯ ಮೊದಲನೆಯ ಧರ್ಮ.

ಅಮೆರಿಕ ದೇಶದಲ್ಲಿ ಇದಕ್ಕೆ ಸಮಾನಶೀಲವಾದ ಮೀನೊಂದುಂಟು. ಅದಕ್ಕೆ ಬಾಸ್ ಎಂದು ಹೆಸರು. ಅದೂ ಕಳೆಯ ನಡುವೆ ಅವಿತು ಹಾರಿ ಹಿಡಿಯುವ ಮೀನು; ಅದರಲ್ಲಿಯೂ ಗಂಡು ಗೂಡನ್ನು ಕಾಯುವುದು; ಕಾಯುವ ಗಂಡನ್ನು ಎತ್ತಿದ ಸ್ವಲ್ಪ ಹೊತ್ತಿನಲ್ಲಿಯೇ ಇತರ ಮೀನುಗಳು ಮೊಟ್ಟೆಗಳಿಗೆ ಮುತ್ತುವುವು. ಅಲ್ಲಿ ಬಾಸ್ ಹಿಡಿಯುವ ಪಂದ್ಯಗಳು ಹೆಚ್ಚಿ ಮೀನು ರಾಶಿರಾಶಿಯಾಗಿ ಸಾಯುವುದನ್ನು ಕಂಡು, ಪಂದ್ಯಗಳನ್ನು ಏರ್ಪಡಿಸುತ್ತಿದ್ದ ರೇ ಸ್ಕಾಟ್ ಎಂಬವರು 1972ರಲ್ಲಿ ಹಿಡಿದ ಮೀನನ್ನು ಬದುಕಿಸಿ ಬಿಡುವ ಪದ್ಧತಿಯನ್ನು ತಂದರು. ಹಿಡಿದು ಬಿಡುವ ಮಾತು ಲೋಕದಲ್ಲೆಲ್ಲ ಹರಡುವುದಕ್ಕೆ ಇದು ಬಹಳ ಸಹಾಯವಾಯಿತು.

ಆದರೆ ಅದೇ ಬಾಸ್ ಜಪಾನಿಗೆ ಹೋದಾಗ ಕಥೆ ತಿರುಗಿತು. ಅಲ್ಲಿಯ ಬಿವಾ ಸರೋವರದಲ್ಲಿ ಅದು ಹೆಚ್ಚಿ ಸ್ಥಳದ ಮೀನುಗಳನ್ನು ತಿನ್ನತೊಡಗಿತು. ಆದುದರಿಂದ ಆ ಸರೋವರದಲ್ಲಿ ಹಿಡಿದ ಬಾಸನ್ನು ಮರಳಿ ಬಿಡುವುದನ್ನೇ ಸ್ಥಳೀಯ ಶಾಸನವು ನಿಷೇಧಿಸಿರುವುದು. ಒಂದು ದೇಶದಲ್ಲಿ ಬಿಡುವುದು ಧರ್ಮ; ಇನ್ನೊಂದು ದೇಶದಲ್ಲಿ ಬಿಡದಿರುವುದು ಧರ್ಮ. ಬಿಡುವುದೇ ಒಂದು ಪುಣ್ಯವೆಂದು ಕಣ್ಣು ಮುಚ್ಚಿ ಬಿಡಕೂಡದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ನೀರಿಗೂ ಈ ನ್ಯಾಯ ಸಲ್ಲುವುದು. ಜಿಲೇಬಿ ಮೀನು ಹೊರದೇಶದಿಂದ ಬಂದು ಕೆರೆಕೆರೆಯನ್ನೂ ತುಂಬಿರುವುದು; ಅದನ್ನು ಬೇಕಾದಷ್ಟು ಮನೆಗೆ ತರಬಹುದು. ಸಾಕುವುದಕ್ಕೆ ಸರ್ಕಾರವು ನಿಷೇಧಿಸಿರುವ ಆಫ್ರಿಕದ ಕ್ಯಾಟ್‌ಫಿಷ್ ಸಿಕ್ಕಿದರೆ ಮರಳಿ ಬಿಡಲೇಬಾರದು. ಬಿಳಿಮೀನನ್ನೂ, ಮರಿಗಳನ್ನು ಕಾಯುವ ಕೊರವನನ್ನೂ, ಹೊಟ್ಟೆಯಲ್ಲಿ ಮೊಟ್ಟೆ ತುಂಬಿದ ನಮ್ಮ ನೀರಿನ ಯಾವ ಮೀನನ್ನೂ ಬಿಡಬೇಕು.

ಸಾಧನಗಳು

ಮೀನನ್ನು ಬದುಕಿಸಿ ಬಿಡುವ ಸಂಕಲ್ಪವು ಗಾಳವನ್ನು ಕೊಳ್ಳುವ ಅಂಗಡಿಯಲ್ಲಿಯೇ ಮೊದಲಾಗಬೇಕು. ತೆಳುವಾದ ದಾರದಿಂದ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸಿ ಹಿಡಿಯುವುದು ಜಾಣತನವೆಂದು ಕೆಲವರು ಮೆರೆಯುವರು. ಹಾಗೆ ಬಳಲಿದ ಮೀನು ಬಿಟ್ಟ ಮೇಲೆ ಈಜಿ ಹೋದಂತೆ ಕಂಡರೂ ಮುಂದೆ ಸಾಯುವ ಸಂಭವವುಂಟು. ಮೀನಿಗೆ ತಕ್ಕ ಗಟ್ಟಿಯಾದ ದಾರ, ಬಲವಾದ ಕೋಲು, ಸರಾಗವಾಗಿ ದಾರ ಬಿಡುವ ರೀಲು ಇವುಗಳಿದ್ದರೆ ಬೇಗನೆ ದಡಕ್ಕೆ ತರಬಹುದು.

ಒಂದೇ ಮೊನೆಯ ಗಾಳ ಸಾಕು. ಮೂರು ಮೊನೆಯದು ಬೇಡ. ಗಾಳದ ಮೊನೆಯ ಬಳಿ ಹಿಂದಕ್ಕೆ ಚಾಚಿದ ಸಣ್ಣ ಕಚ್ಚೊಂದಿರುವುದು. ಅದನ್ನು ಇಕ್ಕುಳದಿಂದ ಅದುಮಿ ಚಪ್ಪಟೆ ಮಾಡಿದರೆ ಗಾಳವು ಸುಲಭವಾಗಿ ಕಳಚುವುದು. ದಾರ ಸಡಿಲವಾಗದಂತೆ ನೋಡಿಕೊಂಡರೆ ಮೀನು ತಪ್ಪಿಸಿಕೊಳ್ಳುವುದೂ ಅಪರೂಪ. ಹಿಟ್ಟನ್ನೋ ಹುಳುವನ್ನೋ ಸಿಕ್ಕಿಸುವವರು ಮೊನೆ ಒಳಕ್ಕೆ ಬಾಗಿದ ದುಂಡಗಿನ ಗಾಳವನ್ನು ಬಳಸುವುದು ಮೇಲು. ಅದು ಹೊಟ್ಟೆಗೆ ಇಳಿಯದೆ ಬಾಯಿಯ ಅಂಚಿನಲ್ಲಿಯೇ ಸಿಕ್ಕುವುದು. ಇಂತಹ ಗಾಳಕ್ಕೆ ಕೋಲನ್ನು ಥಟ್ಟನೆ ಜಗ್ಗಕೂಡದು, ನಿಧಾನವಾಗಿ ಬಿಗಿದರೆ ಸಾಕು.

ಬಿಳಿಮೀನಿಗೆ ಕಾವೇರಿಯ ದಡದವರು ಬಹುಕಾಲದಿಂದ ಬಳಸುವುದು ರಾಗಿಯ ಹಿಟ್ಟನ್ನು ಬೇಯಿಸಿ ನಾದಿದ ಗಟ್ಟಿ ಉಂಡೆ. ಸೆಳವಿನ ಅಂಚಿನಲ್ಲಿ, ತಳಕ್ಕೆ ಇಳಿಯುವಷ್ಟು ಸೀಸದ ಗುಂಡು ಕಟ್ಟಿ ಇದನ್ನು ಇಡುವರು. ಬೆಳಗಿನ ಮತ್ತು ಸಂಜೆಯ ತಂಪು ಹೊತ್ತು ಒಳ್ಳೆಯದು. ಕೊರವನಿಗಾದರೆ ಹಿಂದೆ ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುತ್ತಿದ್ದರು. ಈಗ ಟೊಳ್ಳಾದ ರಬ್ಬರಿನ ಕಪ್ಪೆ ದೊರೆಯುವುದು. ಅದರ ಮೊನೆಗಳು ಬೆನ್ನಿನ ಮೇಲೆ ಅಡಗಿರುವುದರಿಂದ ಎಲೆ ಜೊಂಡುಗಳಿಗೆ ಸಿಕ್ಕಿಕೊಳ್ಳದು. ತಾವರೆ ಎಲೆಗಳ ನಡುವಣ ತೆರಪಿನಲ್ಲಿ ಅದನ್ನು ಎಳೆದು, ನಿಲ್ಲಿಸಿ, ಮತ್ತೆ ಎಳೆಯಬೇಕು. ನೀರು ಸಿಡಿದೊಡನೆ ಜಗ್ಗದೆ, ಮೀನು ಕಪ್ಪೆಯನ್ನು ಬಾಯೊಳಗೆ ತಿರುಗಿಸಿಕೊಳ್ಳುವಷ್ಟು ತಡೆದು ಆಮೇಲೆ ಬಿಗಿಯಬೇಕು. ಇದರಿಂದ ನಿಜವಾದ ಕಪ್ಪೆಗೆ ಹಿಂಸೆಯೂ ತಪ್ಪುವುದು.

ಬಿಡುವ ಕ್ರಮ

ಮೀನಿನ ಮೈಮೇಲಿನ ಲೋಳೆಯು ಅದಕ್ಕೆ ಕವಚವಿದ್ದಂತೆ. ಅದು ಕಿತ್ತುಹೋದರೆ ರೋಗ ಹತ್ತುವುದು. ಆದುದರಿಂದ ಮೊದಲು ಕೈಗಳನ್ನು ನೀರಿನಲ್ಲಿ ಒದ್ದೆ ಮಾಡಿಕೊಳ್ಳತಕ್ಕದ್ದು. ಒಣಗಿದ ಬಟ್ಟೆಯಿಂದ ಹಿಡಿಯಬಾರದು. ಬಿಸಿಲಿಗೆ ಕಾದ ಬಂಡೆಯ ಮೇಲಾಗಲಿ ಮರಳಿನ ಮೇಲಾಗಲಿ ಹಾಕಬಾರದು. ಸಾಧ್ಯವಾದಷ್ಟು ನೀರಿನೊಳಗೇ ಇರಿಸಿಕೊಂಡು ಇಕ್ಕುಳದಿಂದ ಗಾಳವನ್ನು ಬಿಡಿಸಬೇಕು. ಗಾಳವು ಆಳಕ್ಕೆ ಇಳಿದಿದ್ದರೆ ಎಳೆದು ಕರುಳನ್ನು ಹರಿಯುವುದಕ್ಕಿಂತ, ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡುವುದೇ ಲೇಸು.

ಎತ್ತಲೇಬೇಕಾದರೆ ಒಂದು ಕೈ ಬಾಲದ ಬುಡದಲ್ಲಿ, ಇನ್ನೊಂದು ಹೊಟ್ಟೆಯ ಕೆಳಗೆ ಇರಬೇಕು. ಕಿವಿರಿಗೆ ಬೆರಳು ಹಾಕಿ ತೂಗಾಡಿಸಬಾರದು. ಅಲ್ಲಿ ರಕ್ತ ಒಡೆದರೆ ಮೀನು ಉಳಿಯುವ ಆಸೆ ಕಡಿಮೆ. ಫೋಟೋ ತೆಗೆಯುವ ಹಂಬಲದಲ್ಲಿ ಮೀನು ಉಸಿರಿಲ್ಲದೆ ಒದ್ದಾಡುವುದನ್ನು ಮರೆಯುವವರುಂಟು. ಎತ್ತುವಾಗ ನಾವೂ ಉಸಿರು ಬಿಗಿಹಿಡಿಯುವುದು ಒಳ್ಳೆಯ ಉಪಾಯ; ನಮಗೆ ಕಷ್ಟವಾಗುವ ಮೊದಲೇ ಮೀನು ನೀರಿನಲ್ಲಿರಬೇಕು. ತೂಕ ತಿಳಿಯಬೇಕೆನ್ನುವವರಿಗೆ ತಕ್ಕಡಿಯೇ ಬೇಕಿಲ್ಲ. ನೀರಿನಲ್ಲಿಯೇ ದಾರದಿಂದ ಉದ್ದವನ್ನೂ ಸುತ್ತಳತೆಯನ್ನೂ ಅಳೆದು, ಸುತ್ತಳತೆಯ ಅಂಗುಲಗಳನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದ ಅಂಗುಲಗಳಿಂದ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡುಗಳಲ್ಲಿ ಅಂದಾಜು ತೂಕ ದೊರೆಯುವುದು. 40 ಅಂಗುಲ ಉದ್ದ, 20 ಅಂಗುಲ ಸುತ್ತಳತೆಯ ಮೀನು 20 ಪೌಂಡು, ಎಂದರೆ ಸುಮಾರು 9 ಕಿಲೋ ಆಯಿತು. ಮನೆಯ ಮಕ್ಕಳಿಗೆ ಲೆಕ್ಕದ ಪಾಠವೂ ಆಗುವುದು.

ಬಿಡುವಾಗ ನೀರಿಗೆ ಎಸೆಯಬಾರದು. ಮೀನಿನ ಮುಖವನ್ನು ಹರಿವಿಗೆ ಎದುರಾಗಿ ಹಿಡಿದು, ಕಿವಿರು ಸಮನಾಗಿ ಆಡುವವರೆಗೂ ಆತುಕೊಂಡಿರಬೇಕು. ಅದು ತಾನಾಗಿ ಬಾಲ ಬೀಸಿ ಕೈಯಿಂದ ಜಾರಿದಾಗ ಕೆಲಸ ಮುಗಿದಂತೆ. ಕಡುಬೇಸಿಗೆಯ ನಡುಹಗಲಿನಲ್ಲಿ ನೀರು ಕಾದು ಅದರಲ್ಲಿ ಪ್ರಾಣವಾಯು ಕಡಿಮೆಯಾಗಿರುವುದು. ಆಗ ಎಷ್ಟು ಎಚ್ಚರದಿಂದ ಬಿಟ್ಟರೂ ಮೀನು ಉಳಿಯುವುದು ಕಷ್ಟ. ಅಂತಹ ಹೊತ್ತಿನಲ್ಲಿ ಬಿಡುವ ಮಾತಿಗಿಂತ ಗಾಳ ಹಾಕದಿರುವುದೇ ಸರಿಯಾದ ದಯೆ.

ತುಂಡಾದ ನೈಲಾನ್ ದಾರವನ್ನು ದಡದಲ್ಲಿ ಬಿಟ್ಟು ಬರಬಾರದು. ಅದು ಕೊಳೆಯದು; ಕೊಕ್ಕರೆ, ನೀರುಕಾಗೆಗಳ ಕಾಲಿಗೆ ಸುತ್ತಿ ಪ್ರಾಣ ತೆಗೆಯುವುದು. ಅಣೆಕಟ್ಟಿನ ಕೆಳಗಣ ಹೊಳೆಯಲ್ಲಿ ನೀರು ಬಿಟ್ಟಾಗ ಹರಿವು ಏರುವುದರಿಂದ, ಮಕ್ಕಳನ್ನು ನಡುಬಂಡೆಗಳ ಮೇಲೆ ಕೂರಿಸಬಾರದು. ಕೆರೆಗಳ ಮೀನಿನ ಹಕ್ಕನ್ನು ಅನೇಕ ಕಡೆ ಗುತ್ತಿಗೆಗೆ ಕೊಟ್ಟಿರುವರು. ಗುತ್ತಿಗೆದಾರರನ್ನೂ ಮೀನುಗಾರಿಕೆಯ ಇಲಾಖೆಯವರನ್ನೂ ಕೇಳಿಯೇ ಗಾಳ ಹಾಕಬೇಕು. ದೇವರ ಮಡುವಿನ ಸಮೀಪಕ್ಕಂತೂ ಗಾಳವನ್ನು ಒಯ್ಯಲೇಬಾರದು.

ಒಂದು ಆಕ್ಷೇಪ

ಇಷ್ಟೆಲ್ಲ ಕೇಳಿದ ಮೇಲೂ ಮನೆಯ ಹಿರಿಯರ ಪ್ರಶ್ನೆ ಉಳಿದೇ ಇದೆ. ಚನ್ನರಾಯಪಟ್ಟಣದ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳವಿದೆ. ಹುಳುವಿಗೂ ನೋವಾಗದಂತೆ ಹೆಜ್ಜೆಯಿಡುವ ಧರ್ಮ ಅಲ್ಲಿ ಬೆಳೆದಿರುವುದು. ಆ ಧರ್ಮದ ಕಣ್ಣಿಗೆ, ತಿನ್ನುವುದಕ್ಕೂ ಅಲ್ಲದೆ ಬರಿಯ ಆಟಕ್ಕಾಗಿ ಒಂದು ಜೀವವನ್ನು ನೋಯಿಸುವುದು ಸರಿಯೆ? ಮೀನಿಗೆ ನೋವಿನ ಅರಿವಿಲ್ಲವೆಂದು ಹಿಂದೆ ಹೇಳುತ್ತಿದ್ದರು. ಈಚಿನ ಪರೀಕ್ಷೆಗಳು ಆ ಸಮಾಧಾನವನ್ನೂ ಉಳಿಸಿಲ್ಲ. ಆದುದರಿಂದ ಈ ಆಕ್ಷೇಪಕ್ಕೆ ಪೂರ್ಣವಾದ ಉತ್ತರವಿಲ್ಲವೆಂದೇ ಒಪ್ಪಬೇಕು. ಗಾಳವನ್ನು ಮುಟ್ಟದಿರುವವನು ಎಲ್ಲರಿಗಿಂತ ನಿರ್ದೋಷಿ.

ಆದರೆ ಹೊಳೆಯನ್ನು ಕೆಡಿಸಿರುವುದು ಗಾಳವೊಂದೇ ಅಲ್ಲ. ಗಾಳವನ್ನೇ ಕಾಣದ ಮನೆಯ ಕೊಳೆನೀರೂ ಹೊಳೆಗೆ ಹೋಗುವುದು. ಆ ಮನೆಯ ಗೋಡೆಗೂ ಹೊಳೆಯ ಮರಳೇ ಬೇಕಾಗುವುದು. ಗಾಳ ಹಿಡಿದವನಾದರೋ ನೀರನ್ನು ಪ್ರತಿವಾರ ನೋಡುವವನು. ಯಾವ ಮಡುವಿನಲ್ಲಿ ಮೀನು ಕಡಿಮೆಯಾಯಿತು, ಎಲ್ಲಿ ನೊರೆ ಬಂದಿತು, ಎಲ್ಲಿ ಸಿಡಿಮದ್ದಿನ ಸದ್ದಾಯಿತು ಎಂಬುದು ಅವನಿಗೆ ಮೊದಲು ತಿಳಿಯುವುದು. ಗಾಲಿಬೋರೆಯ ಲೆಕ್ಕದ ಪುಸ್ತಕವು ಒಂದು ಜಾತಿಯ ಅವಸಾನವನ್ನು ತಿಳಿಸಿಕೊಟ್ಟುದು ಹೀಗೆಯೇ. ತನ್ನ ವಿನೋದಕ್ಕೆ ಅವನು ತೆರಬೇಕಾದ ಕಂದಾಯವೆಂದರೆ ಈ ಕಾವಲು. ತಾರೀಖು, ಸ್ಥಳ, ಮೀನಿನ ಜಾತಿ, ಅಳತೆ, ಬಿಟ್ಟುದೋ ತಂದುದೋ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಸಿಡಿಮದ್ದು ಹಾಕುವವರನ್ನು ಕಂಡರೆ ಅಧಿಕಾರಿಗಳಿಗೆ ತಿಳಿಸಲಿ. ಕಂದಾಯ ಕೊಡದವನಿಗೆ ವಿನೋದದ ಹಕ್ಕಿಲ್ಲ.

ಮಕ್ಕಳನ್ನು ಕರೆದುಕೊಂಡು ರಾಮನಾಥಪುರಕ್ಕೆ ಹೋಗುವ ಗೃಹಸ್ಥರು ಪುರಿ ಎರಚಿ ಮೀನು ತೋರಿಸುವುದರ ಜೊತೆಗೆ ಇದನ್ನೂ ಹೇಳಿಕೊಡಬಹುದು: ಈ ಮಡುವಿನಲ್ಲಿ ಮೀನನ್ನು ಕಾದಿರುವುದು ದೇವರ ಮೇಲಿನ ಭಯಭಕ್ತಿ, ಮಡುವಿನಿಂದ ಕೆಳಗೆ ಅದನ್ನು ಕಾಯಬೇಕಾದುದು ನಮ್ಮ ವಿವೇಕ. ಹೊಳೆಯೇನೋ ಎರಡು ಕಡೆಯೂ ಒಂದೇ.